ಬೇಕಲಕ್ಕೆ ಹೋಗುವ ಮೊದಲು ಕಾಸರಗೋಡಿನಲ್ಲಿ ಇಳಿಯಿರಿ

ಕಾಸರಗೋಡಿನಲ್ಲಿ ಬೇಕಲ ಕೋಟೆ ಬಿಟ್ಟರೆ ನೋಡುವಂಥದ್ದು ಏನಿದೆ ಎಂದು ಘಟ್ಟದ ಮೇಲಿನವರು ಕೇಳುವುದು ಹೊಸತಲ್ಲ. ಕೋಟೆಯ ಮೇಲೆ ನನಗೆ ಮುನಿಸಿಲ್ಲ. ಕೆಳದಿಯ ನಾಯಕರ ಕಾಲದ್ದು, ಸಮುದ್ರಕ್ಕೆ ಎದೆಯೊಡ್ಡಿ ನಿಂತಿದೆ, ಚೆನ್ನಾಗಿಯೇ ಇದೆ. ಆದರೆ ಅದಿರುವುದು ಪೇಟೆಯಿಂದ ತೆಂಕಕ್ಕೆ ಸುಮಾರು 15 ಕಿಲೋಮೀಟರ್ ಆಚೆ. ನೇರವಾಗಿ ಅಲ್ಲಿಗೆ ಹೋಗಿ, ಫೋಟೋ ತೆಗೆದು, ನೇರವಾಗಿ ಮಂಗಳೂರಿಗೆ ಮರಳಿದವರು ‘ಕಾಸರಗೋಡು ನೋಡಿದೆವು’ ಎನ್ನುವಾಗ ನಗು ಬರುತ್ತದೆ.

ನನ್ನನ್ನು ಕೇಳಿದರೆ ಮೊದಲ ದಿನದ ಸಂಜೆ ಚಂದ್ರಗಿರಿ ಕೋಟೆಗೆ ಹೋಗಿ. ಇದೂ 17ನೆಯ ಶತಮಾನದ್ದೇ, ಶಿವಪ್ಪ ನಾಯಕನ ಹೆಸರಿನೊಂದಿಗೇ ಸೇರಿಕೊಂಡದ್ದು. ಬೇಕಲಕ್ಕಿಂತ ಬಹಳ ಚಿಕ್ಕದು, ಜನವೂ ಕಡಿಮೆ. ಮುರಕಲ್ಲಿನ ಗೋಡೆಗಳು ಅಲ್ಲಲ್ಲಿ ಜರಿದಿವೆ, ಹುಲ್ಲು ಬೆಳೆದಿದೆ. ಕೆಳಗೆ ಹೊಳೆ, ಆಚೆ ತೆಂಗಿನ ತೋಟಗಳು, ಪಡುವಣದಲ್ಲಿ ಸಮುದ್ರ. ಆ ಹೊಳೆಯನ್ನು ಸ್ವಲ್ಪ ಹೊತ್ತು ನೋಡಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ಜಾರಿಯಾಗಲಿಲ್ಲ. ಕೋಟೆ ಇರುವುದು ತೆಂಕು ದಡದಲ್ಲಿ. ಹಾಗಾಗಿ ಆಯೋಗ ಕೇರಳಕ್ಕೆ ಬಿಟ್ಟ ನೆಲದಲ್ಲಿ ನಿಂತು, ಕರ್ನಾಟಕಕ್ಕೆ ಕೊಡಿ ಎಂದ ನೆಲವನ್ನು ನೀವು ನೋಡುತ್ತಿರುತ್ತೀರಿ. ಗಡಿ ಸಮಸ್ಯೆಯ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. ಉಳಿದದ್ದನ್ನು ಊರಿನ ಯಾವ ಹಿರಿಯರ ಹತ್ತಿರ ಕುಳಿತರೂ ಅವರೇ ಹೇಳುತ್ತಾರೆ, ಬೇಡವೆಂದರೂ ಬಿಡುವುದಿಲ್ಲ.

ಭಾಷೆಯ ಚಿಂತೆ ಬೇಡ. ಪೇಟೆಯ ಬೋರ್ಡುಗಳು ಹೆಚ್ಚಾಗಿ ಮಲಯಾಳದಲ್ಲಿವೆ, ನಿಜ. ಆದರೆ ಇಲ್ಲಿ ಒಬ್ಬನೇ ಮನುಷ್ಯ ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮಾತನಾಡಿ, ಬಸ್ಸಿನಲ್ಲಿ ಮಲಯಾಳಕ್ಕೆ ಹೊರಳಿ, ದೇವಸ್ಥಾನದ ಕಚೇರಿಯಲ್ಲಿ ಪುಸ್ತಕದ ಕನ್ನಡ ಆಡುತ್ತಾನೆ. ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಆಡುವವರೂ ಇದ್ದಾರೆ. ನೀವು ಕನ್ನಡದಲ್ಲೇ ಕೇಳಿ. ಅಂಗಡಿಯವನಿಗೆ ಬಾರದಿದ್ದರೆ ಪಕ್ಕದಲ್ಲಿ ನಿಂತ ಗಿರಾಕಿ ಉತ್ತರ ಕೊಡುತ್ತಾನೆ.

ಹೊಳೆಯ ಬಡಗು ದಡದ ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿಯಿದೆ. ಅರಬರ ಹಡಗುಗಳು ಬರುತ್ತಿದ್ದ ಕಾಲದಷ್ಟು ಹಳೆಯದೆಂದು ನಂಬಿಕೆ. ಬೇರೆ ಮತದವರೂ ಅಲ್ಲಿಗೆ ಹೋಗುತ್ತಾರೆ. ಕೈಕಸೂತಿಯ ತಳಂಗರೆ ಟೊಪ್ಪಿ ಒಂದು ಕಾಲಕ್ಕೆ ಬಹಳ ಹೆಸರು ಮಾಡಿತ್ತು. ಈಗ ಹೊಲಿಯುವವರು ಕಡಿಮೆಯಾಗಿದ್ದಾರೆ, ಸಿಕ್ಕಿದರೆ ಕೊಳ್ಳಿ.

‘ಅಡೂರು, ಮಧೂರು, ಕಾವು, ಕಣ್ಯಾರ’ ಎಂದು ಕುಂಬಳೆ ಸೀಮೆಯ ನಾಲ್ಕು ದೇವಸ್ಥಾನಗಳನ್ನು ನಮ್ಮವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಒಂದನ್ನೇ ನೋಡುವಷ್ಟು ಹೊತ್ತಿದ್ದರೆ ಮಧೂರು. ಗಣಪತಿಯ ಊರೆಂದೇ ಪ್ರಸಿದ್ಧಿ, ಪ್ರಸಾದವೂ ಅಪ್ಪವೇ, ಆದರೆ ಮೂಲದಲ್ಲಿ ಇದು ಈಶ್ವರನ ಸನ್ನಿಧಿ. ಆನೆಯ ಬೆನ್ನಿನಂತೆ ದುಂಡಗಾದ, ಮೂರು ನೆಲೆಯ ಮಾಡು. ಪಕ್ಕದಲ್ಲೇ ಮಧುವಾಹಿನಿ ಹೊಳೆ. ಜೋರು ಮಳೆಗೆ ಅದು ಉಕ್ಕಿ ಅಂಗಳಕ್ಕೇ ಬರುತ್ತದೆ. ಕಾವು ಎಂದರೆ ಮುಜುಂಗಾವು. ತುಲಾ ಸಂಕ್ರಮಣದ ದಿನ ಅಲ್ಲಿನ ಕೆರೆಯಲ್ಲಿ ಮಿಂದರೆ ಮೈಮೇಲಿನ ಕೆಡು, ಅಂದರೆ ನರಹುಲಿ, ಬಿದ್ದುಹೋಗುತ್ತದೆಂಬ ನಂಬಿಕೆಯಿಂದ ಬೆಳಗಿನ ಜಾವವೇ ಜನ ಸೇರುತ್ತಾರೆ.

ಅನಂತಪುರದ ಕೆರೆಯ ನಡುವಿನ ಗುಡಿಗೆ ಹೋದವರೆಲ್ಲ ಮೊಸಳೆಯನ್ನೇ ಕೇಳುತ್ತಾರೆ. ನೈವೇದ್ಯದ ಅನ್ನ ತಿನ್ನುತ್ತಿದ್ದ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಿತು. ಮರುವರ್ಷ ಇನ್ನೊಂದು ಕಾಣಿಸಿಕೊಂಡಿತು. ಮೊಸಳೆ ಕಾಣದಿದ್ದರೆ ಬೇಸರಪಡಬೇಡಿ. ಸುತ್ತ ಬೋಳು ಮುರಕಲ್ಲಿನ ಗುಡ್ಡ, ನಡುವೆ ಆ ನೀರು. ಅದನ್ನು ನೋಡಲೆಂದೇ ನಾನು ಹೋಗುವುದು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಪ್ರವಾಸಿಗರ ಪಟ್ಟಿಯಲ್ಲಿ ಅಪರೂಪ. ಎಡನೀರು ಮಠ. ಚೆರ್ಕಳದಿಂದ ಒಳಗೆ, ಬದಿಯಡ್ಕ ಕಡೆಯ ದಾರಿಯಲ್ಲಿದೆ. ಕಾನೂನು ಓದಿದ ನಿಮ್ಮ ಮಕ್ಕಳನ್ನು ಕೇಳಿ, ಕೇಶವಾನಂದ ಭಾರತಿ ಪ್ರಕರಣ ಗೊತ್ತಿಲ್ಲದವರು ಇರುವುದಿಲ್ಲ. ಕೇರಳದ ಭೂಸುಧಾರಣೆಯಿಂದ ಜಮೀನು ಹೋಗುತ್ತದೆಂದು ಇಲ್ಲಿಯ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದರು. 1973ರಲ್ಲಿ 13 ನ್ಯಾಯಾಧೀಶರ ಪೀಠ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ದೇಶಕ್ಕೆ ಅವರು ಒಂದು ಮೊಕದ್ದಮೆಯ ಹೆಸರು. ನಮಗೆ ಅವರು ಯಕ್ಷಗಾನದ ಭಾಗವತಿಕೆ ಬಲ್ಲ, ತಾಳಮದ್ದಳೆಗೆ ಕುಳಿತರೆ ಏಳದ ಸ್ವಾಮಿಗಳು. 2020ರಲ್ಲಿ ತೀರಿಕೊಂಡರು. ಯಕ್ಷಗಾನ ನೋಡುವ ಆಸೆಯಿದ್ದರೆ ಪತ್ತನಾಜೆಗೆ ಮೊದಲು, ಅಂದರೆ ಮೇ ತಿಂಗಳ ಕೊನೆಯೊಳಗೆ ಬನ್ನಿ. ಆಮೇಲೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಸೀಮೆ ಇದು, ಯಕ್ಷಗಾನದ ತೆಂಕುತಿಟ್ಟನ್ನು ಇಲ್ಲಿಯೇ ನೋಡಬೇಕು.

ತೋಟವಿದ್ದವರು ಕೂಡ್ಲಿನ ತೋಟಬೆಳೆ ಸಂಶೋಧನಾ ಕೇಂದ್ರಕ್ಕೆ ಹೋಗದೆ ಮರಳುವುದಿಲ್ಲ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದದ್ದು. ಸೀರೆ ಬೇಕಾದವರಿಗೆ ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆ ಇದೆ. ಬೆಲೆ ನೋಡಿ ಹಿಂಜರಿಯಬೇಡಿ, ವರ್ಷಗಟ್ಟಲೆ ಬಾಳುತ್ತದೆ.

ಬೇಕಲಕ್ಕೆ ಎರಡನೆಯ ದಿನ ಬೆಳಿಗ್ಗೆ, ಬಾಗಿಲು ತೆರೆಯುತ್ತಿದ್ದಂತೆ ಹೋಗಿ. ಒಳಗೆ ನೆರಳು ಕಡಿಮೆ, ಹತ್ತು ಗಂಟೆಯ ಮೇಲೆ ಬಿಸಿಲು ನೆತ್ತಿ ಸುಡುತ್ತದೆ. ಮಳೆಗಾಲದಲ್ಲಿ ಬಂದರೆ ಕಡಲಿಗೆ ಇಳಿಯಬೇಡಿ. ಮರಳುವಾಗ ಮಂಜೇಶ್ವರದಲ್ಲಿ ಇಳಿದು ಗೋವಿಂದ ಪೈಗಳ ಮನೆ ನೋಡಿ. ಅದೀಗ ಅವರ ಸ್ಮಾರಕವಾಗಿದೆ. ವೇಗದ ರೈಲುಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ. ಪ್ಯಾಸೆಂಜರ್ ರೈಲಿನ ಹೊತ್ತು ನೋಡಿಕೊಳ್ಳಿ, ಇಲ್ಲವೇ ಬಸ್ಸು ಹಿಡಿಯಿರಿ. ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಆ ದಾರಿಯಲ್ಲಿ ಓಡುತ್ತವೆ.