ಹೊಲದ ನಡುವೆ ಒಂದು ಗಿಡ

ಪ್ರಶ್ನೆ: ಗದಗದಿಂದ ವಿಜಯಪುರಕ್ಕೆ ರೈಲಿನಲ್ಲಿ ಬರುವಾಗ ಆಲಮಟ್ಟಿ ದಾಟಿದ ಮೇಲೆ ಕಣ್ಣು ಹಾಯುವಷ್ಟೂ ಬಯಲು. ಅಲ್ಲೊಂದು ಇಲ್ಲೊಂದು ಹೊಲದ ನಟ್ಟನಡುವೆ ಒಂದೇ ಮರ. ಉಳಿದದ್ದೆಲ್ಲ ಕಡಿದವರು ಅದೊಂದನ್ನು ಯಾಕೆ ಬಿಟ್ಟಿದ್ದಾರೆ? ಬೆಳೆಗೆ ನಷ್ಟವಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಮ್ಮ ಬಸವನ ಬಾಗೇವಾಡಿ ಕಡೆ ಅದು ಮರವಲ್ಲ, ಗಿಡ. ಇಬ್ಬರು ತಬ್ಬಿದರೂ ತೆಕ್ಕೆಗೆ ಸಿಗದ ಬೇವೂ ಗಿಡವೇ. ನಾನೂ ಹಾಗೇ ಬರೆಯುತ್ತೇನೆ.

ಕಡಿದದ್ದು ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಗಿಡ ಏಳುವುದೇ ಕಷ್ಟ. ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಹೊಲದ ಬಿರುಕಿಗೆ ಮೊಣಕೈ ತನಕ ಕೈ ಇಳಿಸಬಹುದು. ಸಸಿಯ ಎಳೆಬೇರು ಅಲ್ಲೇ ಹರಿದುಹೋಗುತ್ತದೆ. ಅದನ್ನು ದಾಟಿದರೆ ಹಿಂಗಾರಿ ಬಿತ್ತಿಗೆಗೆ ಮುಂಚೆ ಮೂರ್ನಾಲ್ಕು ಸಲ ಕಸ ಕೀಳುವ ಕುಂಟಿ (ಕುಂಟೆ) ಹಾಯುತ್ತದೆ, ಅದನ್ನೂ ದಾಟಿದರೆ ಆಡಿನ ಬಾಯಿ. ಹೀಗಾಗಿ ಗಿಡ ನಿಲ್ಲುವುದು ಬಹುತೇಕ ಒಡ್ಡಿನ ಮೇಲೆ, ಕುಂಟಿ ಮುಟ್ಟದ ಜಾಗದಲ್ಲಿ. ಹಾಗಾದರೆ ನಡುಹೊಲಕ್ಕೆ ಹೇಗೆ ಬಂತು? ಗಿಡ ಬರಲಿಲ್ಲ, ಒಡ್ಡು ಹೋಯಿತು. ಪಕ್ಕದ ಹೊಲ ಕೊಂಡವರು ನಡುವಿನ ಒಡ್ಡು ಕೆಡವಿ ಎರಡನ್ನೂ ಒಂದು ಮಾಡಿದರೆ ಅಂಚಿನ ಬೇವು ನಡುವಿಗೆ ಬಿದ್ದಂತೆ. ಹಳಬರು ಇವತ್ತಿಗೂ ಅದನ್ನೇ ಗುರ್ತು ಹಿಡಿದು ಹೊಲದ ಗಡಿಯ ಜಗಳ ಬಗೆಹರಿಸುತ್ತಾರೆ. ಬಾಂದಗಲ್ಲು ಒಂದು ರಾತ್ರಿಯಲ್ಲಿ ನಾಲ್ಕು ಮಾರು ಸರಿದೀತು, ಬೇವು ಸರಿಯುವುದಿಲ್ಲ.

ಬನ್ನಿಯ ಮಾತು ಬೇರೆ. ಎಳ್ಳ ಅಮಾವಾಸ್ಯೆಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುವುದು ಅದರ ಬುಡದಲ್ಲಿ, ಚರಗ (ನೈವೇದ್ಯದ ಅಡುಗೆ) ಹೊಲದ ತುಂಬ ಚೆಲ್ಲಿ ಬಂದು ಸಜ್ಜಿ ಕಡಬು, ಪುಂಡಿಪಲ್ಲೆ ಉಣ್ಣುವುದೂ ಅಲ್ಲೇ. ರಾಜಸ್ಥಾನದ ಖೇಜಡಿ ಎಂದರೂ ಇದೇ ಗಿಡ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಇದನ್ನು ಕಡಿಯಬಂದವರಿಗೆ ಅಡ್ಡ ನಿಂತು ಬಿಷ್ಣೋಯಿ ಪಂಥದ 363 ಜನ ಪ್ರಾಣ ಬಿಟ್ಟರು. ನಮ್ಮೂರಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಬನ್ನಿಗೆ ಕೊಡಲಿ ಹಾಕು ಎಂದರೆ ಆಳೇ ಬರುವುದಿಲ್ಲ.

ನಷ್ಟದ ಪ್ರಶ್ನೆಗೆ ನಮ್ಮ ಮನೆಯದೇ ಕತೆ ಹೇಳುತ್ತೇನೆ. ನಮ್ಮ ಹೊಲದಲ್ಲಿ ಒಂದು ಬನ್ನಿ, ಒಂದು ಕರಿಜಾಲಿ ಇದ್ದವು. ಬನ್ನಿಯ ಎಲೆ ಸಣ್ಣ, ನೆರಳು ತೆಳು, ಬೇರು ಆಳದ ನೀರಿಗೆ ಇಳಿಯುವಂಥದ್ದು. ಅದರ ಕೆಳಗಿನ ಜೋಳಕ್ಕೆ ಅಂಥ ತೊಂದರೆ ಇರಲಿಲ್ಲ. ಜಾಲಿಯ ಕೆಳಗೆ ಮಾತ್ರ ಜೋಳ ಸೊಂಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. 1998ರಲ್ಲಿ ಅಣ್ಣ ಟ್ರ್ಯಾಕ್ಟರ್ ತಂದ. ಪ್ರತಿ ಸುತ್ತಿಗೂ ಜಾಲಿಯ ಹತ್ತಿರ ತಿರುವಬೇಕಲ್ಲ, ಬೇಸತ್ತು ಕಡಿಸಿ ಊರ ಬಡಿಗೇರನಿಗೆ ಮಾರಿದ. ಗಳಿಸಿದ್ದೆಷ್ಟು? ಗಿಡದ ನೆರಳು 37 ಅಡಿ ಅಗಲ ಹರಡಿತ್ತು ಅನ್ನಿ, ಹತ್ತಿರಹತ್ತಿರ ಒಂದು ಗುಂಟೆ. ಎಕರೆಯ ನಲವತ್ತರಲ್ಲಿ ಒಂದು ಪಾಲು.

ಕಳಕೊಂಡದ್ದು ಮುಂದಿನ ವರ್ಷ ಗೊತ್ತಾಯಿತು. ಕಸ ತೆಗೆಯಲು ಬಂದ ಹೆಣ್ಣಾಳುಗಳು ಮಧ್ಯಾಹ್ನ ಬುತ್ತಿಗಂಟು ಹಿಡಿದು ನಿಂತರು. "ಅಕ್ಕಾರ, ಎಲ್ಲಿ ಬಿಚ್ಚೋಣ್ರೀ?" ಜಾಲಿಯ ಒಂದು ಕೊಂಬೆ ನನಗೆ ಚೆನ್ನಾಗಿ ನೆನಪಿದೆ. ವರ್ಷವರ್ಷ ಹಳೇ ಸೀರೆಯ ಜೋಲಿ ಕಟ್ಟಿ ಕಟ್ಟಿ ಅಲ್ಲಿ ತೊಗಟೆ ಸವೆದು, ಬಳೆ ತೊಡಿಸಿದಂತೆ ನುಣ್ಣಗಾಗಿತ್ತು. ಆ ಜೋಲಿಯಲ್ಲಿ ಮಲಗಿದ್ದ ಹುಡುಗಿಯೇ ದೊಡ್ಡವಳಾಗಿ ಅಂದು ಕಸ ತೆಗೆಯಲು ಬಂದಿದ್ದಳು. ಬನ್ನಿ ಹೊಲದ ಆಚೆ ತುದಿಗೆ, ಅಲ್ಲಿಗೆ ಹೋಗಿ ಬರುವುದರಲ್ಲೇ ಅರ್ಧ ತಾಸು. ಮರುವರ್ಷ ಕರೆದರೆ, ಬೇವಿನ ಗಿಡವಿದ್ದ ಪಕ್ಕದವರ ಹೊಲ ಮುಗಿಸಿಯೇ ನಮ್ಮಲ್ಲಿಗೆ ಬಂದರು. ಅಷ್ಟರಲ್ಲಿ ಕಸ ಬೀಜ ಕಟ್ಟಿತ್ತು. ಅಣ್ಣನ ಗುಂಟೆ ಲೆಕ್ಕದಲ್ಲಿ ಇದು ಇರಲಿಲ್ಲ.

ಹಕ್ಕಿಗಳದು ಎರಡೂ ಕಡೆಯ ವ್ಯವಹಾರ. ಕಡಲೆ, ತೊಗರಿ ಹೊಲದಲ್ಲಿ ಕಾಯಿಕೊರಕ ಹುಳ ಹೆಕ್ಕಲೆಂದು ಟಿ ಆಕಾರದ ಗೂಟ ನೆಟ್ಟು ಹಕ್ಕಿಗೆ ಕೂಡ್ರಲು ಜಾಗ ಮಾಡಿ ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಗಿಡವಿದ್ದ ಹೊಲದಲ್ಲಿ ಕಾಜಾಣಕ್ಕೆ ಆ ಜಾಗ ಪುಕ್ಕಟೆ. ಆದರೆ ಜೋಳ ಹಾಲುದುಂಬಿದಾಗ ಅದೇ ಗಿಡದಿಂದ ಗಿಳಿ ಹಿಂಡುಹಿಂಡಾಗಿ ಇಳಿಯುತ್ತವೆ. ಆಗ ಕವಣಿ ಹಿಡಿದು ಅಟ್ಟ ಏರಿದವರ ಬಾಯಲ್ಲಿ ಗಿಡಕ್ಕೆ ಬರುವ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಜಾಲಿಯ ಜಾಗದಲ್ಲಿ ಬೇವು ಹಚ್ಚಿದೆ. ಎರಡು ಸಲ ಟ್ರ್ಯಾಕ್ಟರ್‌ನ ಕುಂಟಿಗೆ ಹೋಯಿತು. ಮೂರನೆಯದಕ್ಕೆ ಸುತ್ತ ಮುಳ್ಳುಕಂಟಿ ಒಟ್ಟಿ, ಬಿರುಕಿಗೆ ಕೊಡಗಟ್ಟಲೆ ನೀರು ಸುರಿದೆ. ಅದು ಉಳಿದಿದೆ. ಜೋಲಿ ತಡೆಯುವ ಕೊಂಬೆ ಬರಲು ಎಂಟು ವರ್ಷ ಹಿಡಿಯಿತು.

ನೋಡಲು ಬರುವುದಾದರೆ ಎಳ್ಳ ಅಮಾವಾಸ್ಯೆಗೆ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಬಂದರೆ ಮಾತ್ರ ಗುಡುಗು ಕೇಳಿದ ಕೂಡಲೇ ಗಿಡದ ಬುಡ ಬಿಟ್ಟು ಊರ ಕಡೆ ನಡೆಯಿರಿ. ಬಯಲಲ್ಲಿ ಎತ್ತರಕ್ಕೆ ಇರುವುದು ಅದೊಂದೇ, ಸಿಡಿಲು ಹುಡುಕುವುದೂ ಅದನ್ನೇ.