ಮೊದಲು ಸಿಮ್, ಆಮೇಲೆ ಫೋಟೋ, ಕೊನೆಗೆ ನೆಟ್‌ಫ್ಲಿಕ್ಸ್

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನವಳು. ಮದುವೆಯಾಗಿ ಹನ್ನೆರಡು ವರ್ಷಗಳ ನಂತರ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುತ್ತಿದ್ದೇವೆ. ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಮೂರು ತಿಂಗಳಾಯಿತು. ಈಗ ಕುಮಟಾದ ತವರುಮನೆಯಲ್ಲಿದ್ದೇನೆ. ಒಡವೆ, ಪಾತ್ರೆ, ಠೇವಣಿಯ ಮಾತೆಲ್ಲ ಮುಗಿದಿದೆ. ಉಳಿದಿರುವುದು ಮೊಬೈಲಿನೊಳಗಿನ ಸಂಸಾರ. ನನ್ನ ಸಿಮ್ ಅವರ ಹೆಸರಿನಲ್ಲಿದೆ. ಮಗನ ಫೋಟೋಗಳೆಲ್ಲ ಇಬ್ಬರೂ ಬಳಸುತ್ತಿದ್ದ ಒಂದೇ ಜಿಮೇಲ್ ಖಾತೆಯಲ್ಲಿವೆ. ನೆಟ್‌ಫ್ಲಿಕ್ಸ್, ಪ್ರೈಮ್, ಯೂಟ್ಯೂಬ್‌ಗಳಿಗೆ ನನ್ನ ಬ್ಯಾಂಕ್ ಖಾತೆಯಿಂದ ಹಣ ಹೋಗುತ್ತಿದೆ, ನೋಡುವವರು ಆ ಮನೆಯವರು. ಅವರ ಮನೆಯಲ್ಲೇ ನಡೆಯುವ ಹೋಮ್‌ಸ್ಟೇಗೆ ಗೂಗಲ್ ಮ್ಯಾಪ್ ಪುಟ, ಇನ್‌ಸ್ಟಾಗ್ರಾಂ ಪುಟ ಮಾಡಿ ಬೆಳೆಸಿದವಳು ನಾನು. ಇವನ್ನೆಲ್ಲ ಹೇಗೆ ಹಂಚಿಕೊಳ್ಳುವುದು? ಎಲ್ಲದರ ಪಾಸ್‌ವರ್ಡ್ ಬದಲಿಸಿಬಿಡು ಎನ್ನುತ್ತಾನೆ ಅಣ್ಣ.

ಉತ್ತರ: ಅಣ್ಣನ ಕಾಳಜಿ ಅರ್ಥವಾಗುತ್ತದೆ. ಆದರೂ ಪಾಸ್‌ವರ್ಡಿಗೆ ಈಗಲೇ ಕೈ ಹಾಕಬೇಡಿ. ಸಿಮ್ ಅವರ ಹೆಸರಿನಲ್ಲಿರುವವರೆಗೆ ನೀವು ಬದಲಿಸಿದ ಯಾವ ಪಾಸ್‌ವರ್ಡೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಅವರು ತಮ್ಮ ಗುರುತಿನ ಚೀಟಿ ಹಿಡಿದು ಮೊಬೈಲ್ ಕಂಪನಿಯ ಅಂಗಡಿಗೆ ಹೋಗಿ, ಸಿಮ್ ಕಳೆದಿದೆ ಎಂದರೆ ಅದೇ ನಂಬರಿನ ಹೊಸ ಸಿಮ್ ಸಿಗುತ್ತದೆ. ದಾಖಲೆಯಲ್ಲಿ ಚಂದಾದಾರರು ಅವರೇ ತಾನೇ? ನಿಮ್ಮ ಫೋನಿನಲ್ಲಿರುವ ಸಿಮ್ ಅಲ್ಲಿಗೆ ನಿಷ್ಕ್ರಿಯವಾಗುತ್ತದೆ. ಬ್ಯಾಂಕಿನ ಓಟಿಪಿ, ಆಧಾರ್ ದೃಢೀಕರಣ, ಜಿಮೇಲ್ ಮರುಪಡೆಯುವ ಸಂಖ್ಯೆ ಎಲ್ಲವೂ ಅವರ ಕೈಗೆ ಹೋಗುತ್ತವೆ. ಅವರು ಹಾಗೆ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ನೀವಿಬ್ಬರೂ ಕುಳಿತು ಮಾತನಾಡಿ ಬೇರೆಯಾಗುತ್ತಿದ್ದೀರಿ, ಅದು ದೊಡ್ಡ ಗುಣ. ಆದರೆ ನಿಮ್ಮ ಬ್ಯಾಂಕ್ ಖಾತೆಯ ಭದ್ರತೆ ಇನ್ನೊಬ್ಬರ ಒಳ್ಳೆಯತನವನ್ನು ನಂಬಿಕೊಂಡಿರಬಾರದು.

ಇಂಥ ಮಾತುಕತೆಗಳಲ್ಲಿ ಜನ ಹೆಚ್ಚಾಗಿ ನೆಟ್‌ಫ್ಲಿಕ್ಸ್‌ನಿಂದ ಶುರುಮಾಡುತ್ತಾರೆ, ತಿಂಗಳು ತಿಂಗಳು ಹಣ ಕತ್ತರಿಸುವುದು ಕಣ್ಣಿಗೆ ಬೀಳುತ್ತದಲ್ಲ. ನಾನು ಹೇಳುವ ಕ್ರಮ ಅದಕ್ಕೆ ತಿರುಗುಮುರುಗು.

ಸಿಮ್ ವಿಷಯದಲ್ಲಿ ನಿಮಗೆ ಎರಡು ದಾರಿಗಳಿವೆ. ನಂಬರು ಉಳಿಯಲೇಬೇಕು ಎಂದಾದರೆ ಚಂದಾದಾರರ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಇಬ್ಬರ ಗುರುತಿನ ದಾಖಲೆಗಳೂ ಸಹಿಗಳೂ ಬೇಕಾಗುತ್ತವೆ, ಆದ್ದರಿಂದ ಮಾತು ಚೆನ್ನಾಗಿರುವಾಗಲೇ ಒಂದು ದಿನ ಗೊತ್ತುಮಾಡಿ ಇಬ್ಬರೂ ಕಂಪನಿಯ ಅಂಗಡಿಗೆ ಹೋಗಿ ಬನ್ನಿ. ಅದು ಬೇಡ ಎಂದಾದರೆ ನಿಮ್ಮದೇ ಹೆಸರಿನಲ್ಲಿ ಹೊಸ ಸಿಮ್ ತೆಗೆದುಕೊಳ್ಳಿ. ಮೊದಲು ಬ್ಯಾಂಕ್, ನಂತರ ಆಧಾರ್, ನಂತರ ಜಿಮೇಲ್ ಮತ್ತು ವಾಟ್ಸ್‌ಆ್ಯಪ್ ಹೊಸ ನಂಬರಿಗೆ ಬರಲಿ. ಆಧಾರ್‌ಗೆ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ಸಾಕು, ಹಳೆಯ ನಂಬರಿನ ಓಟಿಪಿ ಬೇಕಿಲ್ಲ. ಇದೆಲ್ಲ ಮುಗಿಯುವವರೆಗೆ ಹಳೆಯ ಸಿಮ್‌ಗೆ ರೀಚಾರ್ಜ್ ಹಾಕುತ್ತಲೇ ಇರಿ. ನಿಂತುಹೋದ ನಂಬರನ್ನು 90 ದಿನಗಳ ನಂತರ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಓಟಿಪಿ ಹೋಗುವುದು ಗುರುತೇ ಇಲ್ಲದವರಿಗೆ.

ನಮ್ಮ ಕಡೆಯ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಘಟ್ಟದ ಮೇಲಿನ ಎಷ್ಟೋ ತೋಟದ ಮನೆಗಳಲ್ಲಿ ಓಟಿಪಿ ಬರಬೇಕೆಂದರೆ ಸೊಪ್ಪಿನ ಬೆಟ್ಟ ಹತ್ತಿ ನಿಲ್ಲಬೇಕು. ಹಾಗಾಗಿ ಪೇಟೆಗೆ ಹೋಗಿಬರುವ ಗಂಡಸಿನ ನಂಬರನ್ನೇ ಗ್ಯಾಸ್, ಪಡಿತರ ಚೀಟಿ, ಮಗುವಿನ ಶಾಲೆ, ವಿಮೆ, ಕಡೆಗೆ ಹೆಂಡತಿಯ ಬ್ಯಾಂಕ್ ಪಾಸ್‌ಬುಕ್‌ಗೂ ಕೊಟ್ಟಿರುತ್ತಾರೆ. ಯಾರದೂ ದುರುದ್ದೇಶವಲ್ಲ, ಅದು ಅನುಕೂಲಕ್ಕೆಂದು ಬೆಳೆದುಬಂದ ರೂಢಿ. ನಿಮ್ಮ ಯಾವ ಯಾವ ಕಾಗದಪತ್ರಗಳಿಗೆ ಅವರ ನಂಬರು ಅಂಟಿಕೊಂಡಿದೆ ಎಂದು ಒಂದು ಸಂಜೆ ಕುಳಿತು ಬರೆದಿಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನೂ ನೋಡಿ. ಆ ಮನೆಯಲ್ಲಿ ಯಾರೋ ಬಳಸುತ್ತಿರುವ ನಂಬರು ನಿಮ್ಮ ಹೆಸರಿನಲ್ಲಿದ್ದರೆ ಅದನ್ನೂ ಈಗಲೇ ಬಿಡಿಸಿಕೊಳ್ಳಿ.

ಇನ್ನು ಫೋಟೋಗಳು. ಹಂಚಿಕೆಯ ಮಾತು ಇಲ್ಲಿ ಬರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗ ಮೊದಲ ಬಾರಿ ಮಾರಿಕಾಂಬಾ ಜಾತ್ರೆಯ ತೇರು ನೋಡಿದ ಚಿತ್ರ ಅಪ್ಪನಿಗೂ ಬೇಕು, ಅಮ್ಮನಿಗೂ ಬೇಕು, ನಾಳೆ ಮಗನಿಗೂ ಬೇಕು. ಇಡೀ ಸಂಗ್ರಹ ಇಬ್ಬರ ಬಳಿಯೂ ಪೂರ್ತಿಯಾಗಿ ಇರಲಿ. ಗೂಗಲ್‌ನ ಟೇಕ್‌ಔಟ್ ಎಂಬ ಸೌಲಭ್ಯದಿಂದ ಎಲ್ಲವನ್ನೂ ಇಳಿಸಿಕೊಳ್ಳಬಹುದು. ಅವು ಕಂತು ಕಂತಾಗಿ ಬರುತ್ತವೆ, ಕಂತಿನ ಗಾತ್ರವನ್ನು 2 ಜಿಬಿ ಎಂದು ಆರಿಸಿ. ದೊಡ್ಡ ಕಂತು ತೆಗೆದುಕೊಂಡು ಅರ್ಧದಲ್ಲಿ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ ಇಳಿಸಬೇಕಾದೀತು. ಇಳಿಸಿದ ಮೇಲೆ ಫೋಟೋ ತೆಗೆದ ದಿನಾಂಕದ ವಿವರ ಪಕ್ಕದಲ್ಲೇ ಬೇರೆ ಸಣ್ಣ ಕಡತಗಳಲ್ಲಿರುತ್ತದೆ. ಕಸವೆಂದು ಅವನ್ನು ಅಳಿಸಬೇಡಿ. ಎರಡು ಹಾರ್ಡ್ ಡಿಸ್ಕ್‌ಗಳಿಗೆ ಪ್ರತಿ ಮಾಡಿ ಒಂದನ್ನು ಅವರಿಗೆ ಕೊಡಿ. ಎರಡೂ ತೆರೆಯುತ್ತವೆ, ಒಳಗೆ ಎಲ್ಲ ವರ್ಷಗಳೂ ಇವೆ ಎಂದು ಇಬ್ಬರೂ ನೋಡುವವರೆಗೆ ಮೂಲ ಖಾತೆಯಿಂದ ಒಂದು ಚಿತ್ರವೂ ಅಳಿಯಬಾರದು.

ಗೂಗಲ್‌ನ ಸಂಗ್ರಹದ ಜಾಗವನ್ನು ಅವರ ಕುಟುಂಬ ಗುಂಪಿನ (ಒಬ್ಬರು ಕೊಂಡ ಜಾಗವನ್ನು ಮನೆಯವರೆಲ್ಲ ಹಂಚಿಕೊಳ್ಳುವ ಏರ್ಪಾಡಿನ) ಮೂಲಕ ಬಳಸುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. ಗುಂಪಿನಿಂದ ಹೊರಬಂದ ಕೂಡಲೇ ನಿಮ್ಮ ಸ್ವಂತ ಖಾತೆ ಉಚಿತ 15 ಜಿಬಿಗೆ ಇಳಿಯುತ್ತದೆ. ಒಳಗಿರುವುದು ಅದಕ್ಕಿಂತ ಹೆಚ್ಚಾಗಿದ್ದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ವಕೀಲರ, ಬ್ಯಾಂಕಿನ ಪತ್ರ ಎದುರು ನೋಡುತ್ತಿರುವ ಈ ಸಮಯದಲ್ಲಿ ಹಾಗಾಗಬಾರದು. ಮೊದಲು ಜಾಗ ಖಾಲಿಮಾಡಿಕೊಳ್ಳಿ ಅಥವಾ ನಿಮ್ಮದೇ ಯೋಜನೆ ಕೊಂಡುಕೊಳ್ಳಿ, ಆಮೇಲೆ ಹೊರಬನ್ನಿ.

ಸಿಮ್ ನಿಮ್ಮದಾದ ಮೇಲೆ ನಿಮ್ಮ ಸ್ವಂತ ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ ‘ನಿಮ್ಮ ಸಾಧನಗಳು’ ಎಂಬುದನ್ನು ತೆರೆಯಿರಿ. ಜಗುಲಿಯ ಟಿವಿ, ಮಗನ ಹಳೆಯ ಟ್ಯಾಬ್, ಅವರ ಲ್ಯಾಪ್‌ಟಾಪ್ ಎಲ್ಲವೂ ಅಲ್ಲಿ ಸಾಲಾಗಿ ಕಾಣುತ್ತವೆ. ಒಂದೊಂದರಿಂದಲೂ ಲಾಗ್‌ಔಟ್ ಮಾಡಿ, ಅಣ್ಣ ಹೇಳಿದ ಪಾಸ್‌ವರ್ಡ್ ಬದಲಾವಣೆಯನ್ನು ಆಗ ಮಾಡಿ. ಹಿಂದೆ ಪ್ರೀತಿಯಿಂದ ಹೇಳಿದ ಪಾಸ್‌ವರ್ಡ್ ಈಗಲೂ ಒಪ್ಪಿಗೆ ಎಂದು ಯಾರೂ ತಿಳಿಯಬಾರದು. ಅನುಮತಿಯಿಲ್ಲದೆ ಇನ್ನೊಬ್ಬರ ಖಾತೆಯೊಳಗೆ ಹೋಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳ ವ್ಯಾಪ್ತಿಗೆ ಬರುತ್ತದೆ. ಮೋಸದಿಂದ ಇನ್ನೊಬ್ಬರ ಪಾಸ್‌ವರ್ಡ್ ಬಳಸುವುದಕ್ಕೆ 66ಸಿ ಇದೆ. ಈ ಮಾತು ನಿಮಗೂ ಅನ್ವಯಿಸುತ್ತದೆ. ಅವರ ಮೇಲ್ ನಿಮ್ಮ ಫೋನಿನಲ್ಲಿ ಇನ್ನೂ ತೆರೆದಿದ್ದರೆ ಇವತ್ತೇ ಲಾಗ್‌ಔಟ್ ಮಾಡಿ.

ಹೋಮ್‌ಸ್ಟೇ ವಿಷಯ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದಿದೆ. ಆದರೆ ಹಣಕ್ಕೆ ನಿಜವಾಗಿ ಸಂಬಂಧಿಸಿದ್ದು ಅದೇ. ಗೂಗಲ್ ಮ್ಯಾಪ್‌ನ ಪುಟ ಆ ಜಾಗಕ್ಕೆ ಸೇರಿದ್ದು. ಅತಿಥಿಗಳು ಬರೆದ ಮೆಚ್ಚುಗೆಯ ಮಾತುಗಳು ಆ ಮನೆಯ ಬಗ್ಗೆ ಇರುವಂಥವು, ನೀವು ನಾಳೆ ಕುಮಟಾದಲ್ಲಿ ಹೊಸದಾಗಿ ಹೋಮ್‌ಸ್ಟೇ ತೆರೆದರೆ ಅವನ್ನು ಅಲ್ಲಿಗೆ ಒಯ್ಯಲಾಗದು. ಆದ್ದರಿಂದ ಪುಟದ ಪ್ರಾಥಮಿಕ ಮಾಲೀಕತ್ವವನ್ನು ಅವರಿಗೆ ವರ್ಗಾಯಿಸಿ. ಹೊಸ ಮಾಲೀಕರಿಗೆ ಎಲ್ಲ ಅಧಿಕಾರಗಳು ಸಿಗಲು ಏಳು ದಿನ ಕಾಯಬೇಕು, ಪ್ರವಾಸಿಗರ ಗದ್ದಲದ ದಿನಗಳಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ಬುಕಿಂಗ್ ತಾಣಗಳಲ್ಲಿ ನಿಮ್ಮ ಬ್ಯಾಂಕ್ ಖಾತೆ, ಪ್ಯಾನ್ ಇದ್ದರೆ ಅದನ್ನೂ ಬದಲಿಸಿ. ಇಲ್ಲವಾದರೆ ಅವರ ಆದಾಯ ನಿಮ್ಮ ತೆರಿಗೆ ಲೆಕ್ಕದಲ್ಲಿ ಬಂದು ಕೂರುತ್ತದೆ.

ಇನ್‌ಸ್ಟಾಗ್ರಾಂ ಹಾಗಲ್ಲ. ಅಲ್ಲಿರುವುದು ನಿಮ್ಮ ಕಣ್ಣು, ನಿಮ್ಮ ಬರವಣಿಗೆ, ನಿಮ್ಮ ಹೊತ್ತು. ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು. ಸಂಬಳಕ್ಕೋ ಕರಾರಿನ ಮೇಲೋ ತೆಗೆದಿಲ್ಲವಾದರೆ ಸಾಮಾನ್ಯವಾಗಿ ಹಕ್ಕೂ ಅವರದೇ. ಪುಟಕ್ಕೆ ಮನೆಯ ಹೆಸರಿದ್ದರೆ ಅದನ್ನು ಬಿಟ್ಟುಕೊಡುವುದು ನ್ಯಾಯ. ಆದರೆ ಸುಮ್ಮನೆ ಬಿಟ್ಟುಕೊಡಬೇಡಿ. ಇಷ್ಟು ವರ್ಷ ಆ ಪುಟದಿಂದ ಅತಿಥಿಗಳು ಬಂದಿದ್ದಾರೆ, ಮುಂದೆಯೂ ಬರುತ್ತಾರೆ. ಅದಕ್ಕೊಂದು ಮೊತ್ತ ನಿಗದಿಯಾಗಲಿ, ಚಿತ್ರಗಳನ್ನು ಬಳಸಲು ನೀವು ಅವರಿಗೆ ಅನುಮತಿ ಕೊಟ್ಟಿರುವುದೂ ಅವು ನಿಮ್ಮವೇ ಆಗಿ ಉಳಿಯುವುದೂ ಬರಹದಲ್ಲಿರಲಿ. ಮನೆಯ ಹೆಣ್ಣುಮಗಳು ಫೋನಿನಲ್ಲಿ ಮಾಡಿದ ಕೆಲಸವನ್ನು ಕೆಲಸವೆಂದೇ ಎಣಿಸದೆ ಇತ್ಯರ್ಥ ಮುಗಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇದನ್ನೆಲ್ಲ ಎಲ್ಲಿ ಬರೆಯುವುದು? ಡಿಜಿಟಲ್ ಖಾತೆಗಳನ್ನು ಹೀಗೆಯೇ ಹಂಚಬೇಕು ಎಂದು ಹೇಳುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಗಡಿಯ ಮಾಜಾಳಿ ದಾಟಿ ಗೋವಾಕ್ಕೆ ಹೋದರೆ ಅಲ್ಲಿನ ನಾಗರಿಕ ಸಂಹಿತೆಯಲ್ಲಿ ಗಂಡ ಹೆಂಡತಿಯ ಆಸ್ತಿ ಸಾಮಾನ್ಯವಾಗಿ ಜಂಟಿ. ಈಚೆ ಕಡೆ ಆ ನಿಯಮವಿಲ್ಲ. ನಿಮ್ಮ ಕೈಯಲ್ಲಿರುವುದು ಒಪ್ಪಂದ ಪತ್ರ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕಿರುವ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಅಡಿಯಲ್ಲಿ ಮೊದಲ ಅರ್ಜಿಗೂ ಎರಡನೆಯ ಹೇಳಿಕೆಗೂ ನಡುವೆ ಆರು ತಿಂಗಳ ಅವಧಿಯಿದೆ. ಸೂಕ್ತ ಪ್ರಕರಣಗಳಲ್ಲಿ ಅದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೆ ನೀವು ಅವಸರ ಮಾಡಬೇಡಿ. ಉಳಿದ ಮೂರು ತಿಂಗಳು ಈ ಕೆಲಸಕ್ಕೇ ಇರಲಿ. ಯಾವ ಖಾತೆ ಯಾರಿಗೆ, ಯಾವ ದಿನಾಂಕದೊಳಗೆ, ಪ್ರತಿ ಯಾರಿಗೆ ಎಂದು ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ, ವಕೀಲರ ಮೂಲಕ ಒಪ್ಪಂದಕ್ಕೆ ಸೇರಿಸಿ. ಪಾಸ್‌ವರ್ಡ್‌ಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ, ಅದು ನ್ಯಾಯಾಲಯದ ಕಡತಕ್ಕೆ ಹೋಗುವ ಕಾಗದ.

ಚಂದಾಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ (ತಾನಾಗಿಯೇ ಹಣ ಕಡಿತವಾಗುವ) ವಿಭಾಗ ತೆರೆದು ಒಂದೊಂದನ್ನೂ ರದ್ದುಮಾಡಿ. ಕಾರ್ಡಿನಿಂದ ಹೋಗುತ್ತಿದ್ದರೆ ಹಣ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕ್ ತಿಳಿಸುವ ಸಂದೇಶದಲ್ಲೇ ಅದಕ್ಕೆ ದಾರಿ ಇರುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಪ್ರೊಫೈಲ್ ವರ್ಗಾವಣೆ ಇರುವುದರಿಂದ ಅವರು ನೋಡಿದ್ದರ ಪಟ್ಟಿಯೊಡನೆ ಹೊಸ ಖಾತೆಗೆ ಹೋಗಬಹುದು. ವರ್ಷಕ್ಕೆಂದು ಕಟ್ಟಿದ ಹಣದಲ್ಲಿ ಉಳಿದ ತಿಂಗಳುಗಳಿಗಾಗಿ ಜಗಳವಾಡಬೇಡಿ. ನಿಲ್ಲಿಸುವ ಮೊದಲು ಅವರಿಗೆ ಒಂದು ಮಾತು ತಿಳಿಸಿ, ಅಷ್ಟು ಸಾಕು.

ಪ್ರಶ್ನೆ: ಕಾರವಾರದವನು. ವಿಚ್ಛೇದನವಾಗಿ ಆರು ತಿಂಗಳಾಯಿತು. ಮನೆಯ ಮುಂದೆ ನಾನೇ ಹಾಕಿಸಿದ ಕ್ಯಾಮೆರಾದ ಆ್ಯಪ್ ಇನ್ನೂ ನನ್ನ ಫೋನಿನಲ್ಲಿದೆ. ಮಗಳು ಶಾಲೆಯಿಂದ ಬಂದು ಚಪ್ಪಲಿ ಬಿಡುವುದನ್ನು ದಿನಾ ನೋಡುತ್ತೇನೆ. ಅವಳ ತಾಯಿಗೆ ಇದು ಗೊತ್ತಿಲ್ಲ. ತಪ್ಪೇ?

ಉತ್ತರ: ತಪ್ಪು. ನಿಮ್ಮ ಹಂಬಲ ತಪ್ಪಲ್ಲ, ನೋಡುವ ದಾರಿ ತಪ್ಪು. ಕ್ಯಾಮೆರಾಕ್ಕೆ ಹಣ ಕೊಟ್ಟವರು ನೀವೇ ಇರಬಹುದು, ಆದರೆ ಈಗ ಅದು ನೋಡುತ್ತಿರುವುದು ಇನ್ನೊಬ್ಬರ ಮನೆಯಂಗಳವನ್ನು. ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದೂ ನಿಮಗೆ ಬೇಡವೆಂದರೂ ಕಾಣುತ್ತದೆ. ಅವರಿಗೆ ತಿಳಿದ ದಿನ ಅದು ಪೊಲೀಸ್ ದೂರಾಗಬಹುದು. ಮಗಳ ಭೇಟಿಗೆ ಈಗ ಸಿಕ್ಕಿರುವ ಅವಕಾಶಕ್ಕೂ ಅದರಿಂದ ಪೆಟ್ಟು ಬೀಳುತ್ತದೆ.

ಇಂದೇ ಅವರಿಗೆ ವಿಷಯ ತಿಳಿಸಿ. ಆ್ಯಪ್ ಅಳಿಸಿದರೆ ಸಾಲದು, ನಿಮ್ಮ ಖಾತೆಯಿಂದ ಕ್ಯಾಮೆರಾವನ್ನೇ ತೆಗೆಯಬೇಕು. ಹೆಚ್ಚಿನ ಕ್ಯಾಮೆರಾಗಳು ಹಳೆಯ ಖಾತೆಯಿಂದ ಬಿಡುಗಡೆಯಾಗದೆ ಹೊಸ ಖಾತೆಗೆ ಸೇರುವುದಿಲ್ಲ. ಮನೆಯ ವೈಫೈ ಪಾಸ್‌ವರ್ಡನ್ನೂ ಅವರು ಬದಲಿಸಿಕೊಳ್ಳಲಿ.

ಮಗಳನ್ನು ನೋಡಲು ನೇರವಾದ ದಾರಿ ಇದೆ. ಮಗು ಒಬ್ಬರ ಬಳಿ ಇರುವಾಗ ಇನ್ನೊಬ್ಬರಿಗೆ ಅದರೊಡನೆ ದಿನವೂ ಐದು ಹತ್ತು ನಿಮಿಷ ಮಾತನಾಡುವ ಅವಕಾಶವಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ತೀರ್ಪೊಂದರಲ್ಲಿ ಹೇಳಿದೆ, ವಿಡಿಯೊ ಕರೆಯ ಮಾತೂ ಅಲ್ಲಿ ಬಂದಿದೆ. ನಿಮ್ಮ ಆದೇಶದಲ್ಲಿ ಅದು ಇಲ್ಲದಿದ್ದರೆ ಸೇರಿಸುವಂತೆ ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅದಕ್ಕೂ ಮೊದಲು ಅವಳ ತಾಯಿಯನ್ನೇ ಕೇಳಿ ನೋಡಿ. ಶಾಲೆಯ ಮುಖ್ಯೋಪಾಧ್ಯಾಯರಿಗೂ ಒಂದು ಪತ್ರ ಕೊಟ್ಟು, ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ನಿಮ್ಮ ನಂಬರನ್ನು ಸೇರಿಸಲು ಕೋರಿ.