ಲಂಡನ್ನಿನಲ್ಲಿ ಹದಿನೈದು ಮಕ್ಕಳ ಜೊತೆ ಒಂದು ದಿನ

ನಿಮ್ಮ ಪ್ರಶ್ನೆ ಇಷ್ಟು: ಉಡುಪಿಯಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದೀರಿ, ಗಂಡನ ಡಿಪೆಂಡೆಂಟ್ ವೀಸಾದಲ್ಲಿ ಮೇ ತಿಂಗಳಲ್ಲಿ ಲಂಡನ್ನಿಗೆ ಹೊರಟಿದ್ದೀರಿ. ಬೇರೆ ದೇಶಗಳ ಮಕ್ಕಳು ಇಂಗ್ಲಿಷ್ ಕಲಿಯಲು ಬರುವ ಸಮ್ಮರ್ ಸ್ಕೂಲಿನಲ್ಲಿ, ಅವರನ್ನು ಊರು ತೋರಿಸಲು ಕರೆದೊಯ್ಯುವ ಕೆಲಸ ಹಿಡಿಯಬಹುದಾ, ಪಿಲಿಕುಳಕ್ಕೂ ಸೇಂಟ್ ಮೇರೀಸ್ ದ್ವೀಪಕ್ಕೂ ಮಕ್ಕಳನ್ನು ಕರೆದುಕೊಂಡು ಹೋದ ಅನುಭವ ಸಾಕಾ ಅಂತ.

ಧಾರಾಳವಾಗಿ ಹಿಡಿಯಿರಿ. ಮಲ್ಪೆಯಲ್ಲಿ ಬೋಟ್ ಹತ್ತುವಾಗ ಒಮ್ಮೆ, ದ್ವೀಪದಲ್ಲಿ ಇಳಿದಾಗ ಒಮ್ಮೆ, ವಾಪಸು ಹತ್ತುವಾಗ ಮತ್ತೊಮ್ಮೆ ತಲೆ ಎಣಿಸುತ್ತೀರಲ್ಲ, ಇಲ್ಲಿಯ ಕೆಲಸದ ಮುಕ್ಕಾಲು ಪಾಲು ಅದೇ. ವ್ಯತ್ಯಾಸ ಏನೆಂದರೆ ದ್ವೀಪಕ್ಕೆ ಬೋಟ್ ನಿಲ್ಲುವ ಜಾಗ ಒಂದೇ, ಲಂಡನ್ನಿನಲ್ಲಿ ಹತ್ತು ನಿಮಿಷಕ್ಕೊಂದು ಅಂಥ ಜಾಗ ಬರುತ್ತದೆ.

ಎಣಿಕೆ ತಪ್ಪುವುದು ಹೆಚ್ಚಾಗಿ ಬಾಗಿಲುಗಳಲ್ಲಿ: ಟಾಯ್ಲೆಟ್, ಗಿಫ್ಟ್ ಶಾಪ್, ರೈಲು. ರಥಬೀದಿಯ ಪರ್ಯಾಯದಂಥ ಜಂಗುಳಿಯಲ್ಲಿ ಮಕ್ಕಳು ಹೆದರಿ ತಾವೇ ಅಂಟಿಕೊಂಡು ನಡೆಯುತ್ತಾರೆ. ಮ್ಯೂಸಿಯಂ ಮುಗಿಯಿತು ಅಂತ ನೀವು ಉಸಿರು ಬಿಟ್ಟ ಹೊತ್ತಿಗೇ ಒಬ್ಬ ಮ್ಯಾಗ್ನೆಟ್ ಕೊಳ್ಳಲು ಹಿಂದೆ ತಿರುಗಿರುತ್ತಾನೆ. "ಎಲ್ಲರೂ ಇದ್ದೀರಾ?" ಅಂತ ಕೇಳಬೇಡಿ. 1ರಿಂದ 15ರವರೆಗೆ ನಂಬರ್ ಕೊಟ್ಟು ಕೂಗಿಸಿ, ಜೊತೆಗೆ ಒಂದೊಂದೇ ಮುಖ ನೋಡಿ ನೀವೂ ಎಣಿಸಿ. ಎರಡು ಮೂರು ದಿನ ಕಳೆದ ಮೇಲೆ ಗೆಳೆಯನ ನಂಬರನ್ನು ಗೆಳೆಯನೇ ಕೂಗಿಬಿಡುತ್ತಾನೆ, ಹಾಗಾಗಿ ಕಿವಿಯೊಂದನ್ನೇ ನಂಬಿದರೆ ಆಗುವುದಿಲ್ಲ.

ಟ್ಯೂಬ್, ಅಂದರೆ ಲಂಡನ್ನಿನ ಮೆಟ್ರೋ ರೈಲಿನ ವಿಷಯ ಸ್ವಲ್ಪ ಉದ್ದಕ್ಕೇ ಹೇಳಬೇಕು. ಮಕ್ಕಳನ್ನು ಕರೆದೊಯ್ಯುವ ನಿಮ್ಮಂಥವರನ್ನು ಇಲ್ಲಿ ಲೀಡರ್ ಅನ್ನುತ್ತಾರೆ. ಇಬ್ಬರು ಲೀಡರ್ ಇದ್ದರೆ ಒಬ್ಬರು ಮೊದಲು ಹತ್ತಬೇಕು, ಇನ್ನೊಬ್ಬರು ಕಟ್ಟಕಡೆಗೆ. ಗುಂಪು ಒಂದೇ ಬೋಗಿಯ ಅಕ್ಕಪಕ್ಕದ ಎರಡು ಬಾಗಿಲುಗಳಲ್ಲಿ ಹತ್ತಲಿ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ "ರೈಟ್ ಪೋಯಿ" ಅಂದ ಮೇಲೂ ಓಡಿ ಫುಟ್‌ಬೋರ್ಡ್ ಹಿಡಿಯುವ ಅಭ್ಯಾಸ ನಮಗುಂಟು. ಇಲ್ಲಿ ಬಾಗಿಲು ಬೀಪ್ ಅಂದರೆ ಉಳಿದವರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ಪೇಟೆಯ ನಡುವೆ ಮುಂದಿನ ರೈಲು ಕೆಲವೇ ನಿಮಿಷದಲ್ಲಿ ಬರುತ್ತದೆ.

ಮೊದಲ ದಿನ ಬೆಳಿಗ್ಗೆಯೇ ಎರಡು ನಿಯಮ ಬಾಯಿಪಾಠ ಮಾಡಿಸಿ. ಪ್ಲಾಟ್‌ಫಾರಂನಲ್ಲಿ ಉಳಿದುಬಿಟ್ಟರೆ ಅಲ್ಲೇ ನಿಲ್ಲಬೇಕು, ಮುಂದಿನ ರೈಲು ಹತ್ತಬಾರದು. ಲೀಡರ್ ಇಲ್ಲದೆ ರೈಲಿನಲ್ಲಿ ಹೋಗಿಬಿಟ್ಟರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಇಳಿದ ಪ್ಲಾಟ್‌ಫಾರಂನಲ್ಲೇ ನಿಲ್ಲಬೇಕು, ಮೇಲೆ ಹೋಗಬಾರದು. ಇದನ್ನು ಹೇಳಿಕೊಡದಿದ್ದರೆ ಮಗು ನಿಮ್ಮನ್ನು ಹುಡುಕಿ ಮುಂದೆ ಹೋಗುತ್ತದೆ, ನೀವು ಮಗುವನ್ನು ಹುಡುಕಿ ಹಿಂದೆ ಬರುತ್ತೀರಿ, ಇಬ್ಬರ ರೈಲೂ ಸುರಂಗದಲ್ಲಿ ಎದುರುಬದುರಾಗಿ ದಾಟಿ ಹೋಗುತ್ತವೆ. ನೆಲದಡಿ ಫೋನ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ ಎಂಬುದೂ ಗೊತ್ತಿರಲಿ.

ಟಿಕೆಟ್ ಲೆಕ್ಕ: 11 ವರ್ಷದೊಳಗಿನವರಿಗೆ ಟ್ಯೂಬ್ ಉಚಿತ, ಆದರೆ ದುಡ್ಡು ಕೊಟ್ಟ ಒಬ್ಬ ದೊಡ್ಡವರ ಜೊತೆ 4 ಮಕ್ಕಳು ಮಾತ್ರ. 11ರಿಂದ 15ರ ಪ್ರವಾಸಿ ಮಕ್ಕಳ ಆಯಿಸ್ಟರ್ ಕಾರ್ಡಿಗೆ (ಗೇಟಿನಲ್ಲಿ ಮುಟ್ಟಿಸುವ ಟಿಕೆಟ್ ಕಾರ್ಡ್) ಸ್ಟೇಷನ್ ಸಿಬ್ಬಂದಿ ಯಂಗ್ ವಿಸಿಟರ್ ರಿಯಾಯಿತಿ ಹಾಕಿಕೊಡುತ್ತಾರೆ, 14 ದಿನದವರೆಗೆ ಅರ್ಧ ದರ. ಹೊರಬರುವಾಗ ಕಾರ್ಡ್ ಮುಟ್ಟಿಸಲು ಮರೆತರೆ ಗರಿಷ್ಠ ದರ ಬೀಳುತ್ತದೆ. ಕೋವೆಂಟ್ ಗಾರ್ಡನ್ ಸ್ಟೇಷನ್ ಬೇಡವೇ ಬೇಡ. ಅಲ್ಲಿ ಲಿಫ್ಟಿಗೆ ಸಾಲು, ಇಲ್ಲವೆಂದರೆ 193 ಮೆಟ್ಟಿಲಿನ ಸುರುಳಿ ಏಣಿ. ಹುಡುಗರಿಗೆ ಅದೇ ಬೇಕು, ಆಸ್ತಮಾ ಇರುವ ಮಗು ಅರ್ಧದಲ್ಲಿ ಕೂತರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ. ಲೆಸ್ಟರ್ ಸ್ಕ್ವೇರಿನಲ್ಲಿ ಇಳಿದು ನಡೆದರೆ ಆಯಿತು.

ಒಟ್ಟು ಸೇರುವ ಜಾಗವನ್ನು ಬಾಯಿಮಾತಲ್ಲಿ ಹೇಳಿ ಬಿಡಬೇಡಿ, ಕರೆದೊಯ್ದು ನಿಲ್ಲಿಸಿ ತೋರಿಸಿ. ಟ್ರಫಾಲ್ಗರ್ ಸ್ಕ್ವೇರಿನಲ್ಲಿ "ಸಿಂಹದ ಹತ್ತಿರ" ಅಂದರೆ ಕೆಟ್ಟಿತು, ನೆಲ್ಸನ್ ಕಂಬದ ನಾಲ್ಕು ಮೂಲೆಗೆ ನಾಲ್ಕು ಸಿಂಹಗಳುಂಟು. ಬ್ರಿಟಿಷ್ ಮ್ಯೂಸಿಯಂ ಇನ್ನೂ ಮೋಸ. ನಡುವಿನ ಗ್ರೇಟ್ ಕೋರ್ಟಿನ ಮಧ್ಯೆ ದುಂಡಗಿನ ರೀಡಿಂಗ್ ರೂಮ್ ಇದೆ, ಆಚೆ ಬದಿಯಲ್ಲಿ ನಿಂತವರು ಈಚೆಗೆ ಕಾಣುವುದೇ ಇಲ್ಲ. ಎಂಟು ಮಕ್ಕಳು ಇಲ್ಲಿ, ಏಳು ಮಕ್ಕಳು ಅಲ್ಲಿ, ಎಲ್ಲರೂ ಹೇಳಿದ ಜಾಗದಲ್ಲೇ ಕಾಯುತ್ತಿರುತ್ತಾರೆ. ಅಲ್ಲಿರುವ ದೊಡ್ಡ ಕಲ್ಲಿನ ಸಿಂಹ ಒಂದೇ, ಅದನ್ನು ಗುರುತು ಮಾಡಿ. ಕಟ್ಟಡಕ್ಕೆ ಬಾಗಿಲೂ ಎರಡು, ಮುಂದೆ ಗ್ರೇಟ್ ರಸೆಲ್ ಸ್ಟ್ರೀಟ್, ಹಿಂದೆ ಮಾಂಟೆಗ್ಯೂ ಪ್ಲೇಸ್. ಹಿಂದಿನದು ಯಾರಿಗೂ ಇಲ್ಲ ಅಂತ ಮೊದಲೇ ಹೇಳಿ.

ರಸ್ತೆಯ ವಿಷಯದಲ್ಲಿ ನಮ್ಮವರು ಎಡವುವುದು ನಮ್ಮ ಅಭ್ಯಾಸದಿಂದಲೇ. ಇಲ್ಲಿಯೂ ವಾಹನ ಎಡಗಡೆಯೇ ಓಡುವುದರಿಂದ ನಮಗೆ ಏನೂ ಅನಿಸುವುದಿಲ್ಲ. ಇಟಲಿ, ಸ್ಪೇನ್, ಬ್ರೆಜಿಲ್, ಚೀನಾದ ಮಕ್ಕಳಿಗೆ ಅದು ಉಲ್ಟಾ. ಅವರು ಮೊದಲು ಎಡಕ್ಕೆ ನೋಡಿ ಕಾಲಿಡುತ್ತಾರೆ, ಬಸ್ಸು ಬಲದಿಂದ ಬರುತ್ತದೆ. ರಸ್ತೆಯ ಮೇಲೆ "ಲುಕ್ ರೈಟ್" ಅಂತ ದೊಡ್ಡದಾಗಿ ಬರೆದಿರುವುದನ್ನು ಬಗ್ಗಿ ತೋರಿಸಿ. ಒಂದು ಹಸಿರು ದೀಪಕ್ಕೆ 15 ಮಕ್ಕಳು ದಾಟಿ ಮುಗಿಯುವುದಿಲ್ಲ, ಸಾಲನ್ನು ಎಲ್ಲಿ ತುಂಡು ಮಾಡುವುದೆಂದು ಮೊದಲೇ ನಿಮ್ಮಿಬ್ಬರಲ್ಲಿ ಮಾತಾಗಿರಲಿ. ಬೈಕಿನಲ್ಲಿ ಬಂದು ಫೋನ್ ಕಸಿಯುವವರೂ ಉಂಟು, ಫುಟ್‌ಪಾತಿನ ಅಂಚಿನಲ್ಲಿ ಯಾರೂ ಫೋನ್ ಹಿಡಿದು ನಿಲ್ಲದಿರಲಿ.

ಊರಿನ ಪ್ರೀತಿಯನ್ನು ಇಲ್ಲಿ ಸ್ವಲ್ಪ ಹಿಡಿತದಲ್ಲಿ ಇಡಬೇಕಾಗುತ್ತದೆ, ಇದು ಕಷ್ಟವೇ. ಅಳುವ ಮಗುವನ್ನು ತಬ್ಬಿಕೊಳ್ಳುವುದು, ಸ್ವಂತ ಫೋನಿನಲ್ಲಿ ಫೋಟೋ ತೆಗೆಯುವುದು, ವಾಟ್ಸಾಪ್ ನಂಬರ್ ಕೊಡುವುದು ಬೇಡ. ತಲೆನೋವಿನ ಮಾತ್ರೆಯನ್ನೂ ಪೋಷಕರ ಒಪ್ಪಿಗೆಯ ಕಾಗದ ನೋಡದೆ ಕೊಡಬಾರದು. ಬ್ಯಾಗಿನಲ್ಲಿ ಚಕ್ಕುಲಿ, ನೆಲಗಡಲೆ ಚಿಕ್ಕಿ, ಹುರಿದ ಗೇರುಬೀಜ ಇದ್ದರೂ ಹಂಚಬೇಡಿ. ಎಳ್ಳು, ನೆಲಗಡಲೆ, ಗೇರುಬೀಜ ಮೂರೂ ಇಲ್ಲಿಯ ಕಾನೂನಿನ 14 ಅಲರ್ಜಿ ಪಟ್ಟಿಯಲ್ಲಿ ಬರುತ್ತವೆ. ಅಲರ್ಜಿ ಇರುವ ಮಗುವಿನ ಎಪಿಪೆನ್ (ತುರ್ತಿಗೆ ಚುಚ್ಚುವ ಇಂಜೆಕ್ಷನ್) ಕೋಚ್ ಬಸ್ಸಿನಲ್ಲಿ ಉಳಿಯದೆ ಗುಂಪಿನ ಜೊತೆಗೇ ಬರಬೇಕು.

ಮಗು ಕಾಣದಿದ್ದರೆ ಗುಂಪನ್ನು ಒಂದು ಕಡೆ ಕೂರಿಸಿ ಇನ್ನೊಮ್ಮೆ ಎಣಿಸಿ. ಒಬ್ಬರು ಅಲ್ಲೇ ಇರಿ, ಇನ್ನೊಬ್ಬರು ಕೊನೆಯ ಸಲ ಎಣಿಕೆ ಸರಿಯಾಗಿದ್ದ ಜಾಗಕ್ಕೆ ಹಿಂದೆ ಹೋಗಿ. ಹೋಗುತ್ತಲೇ ಶಾಲೆಯ ತುರ್ತು ನಂಬರಿಗೆ ಫೋನ್ ಮಾಡಿ, ಸ್ಟೇಷನ್ ಅಥವಾ ಮ್ಯೂಸಿಯಂ ಸಿಬ್ಬಂದಿಗೆ ತಿಳಿಸಿ. ಅಲ್ಲಿ ಸಿಗದಿದ್ದರೆ ಪೊಲೀಸರಿಗೆ, 999. ನಾಚಿಕೆಯಿಂದ ತಡಮಾಡಬೇಡಿ. ಮಕ್ಕಳ ಕೈಪಟ್ಟಿಯ ಮೇಲೆ ಶಾಲೆಯ ತುರ್ತು ನಂಬರ್ ಇರಲಿ, ಹೆಸರು ಬೇಡ. ಅಪರಿಚಿತರು ಹೆಸರು ಹಿಡಿದು ಕರೆದರೆ ಮಗು ನಂಬಿಬಿಡುತ್ತದೆ.

ನಿಮ್ಮ ವೀಸಾದಲ್ಲಿ ಕೆಲಸಕ್ಕೆ ತೊಂದರೆಯಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಮಾಸ್ಟರ್ಸ್ ಮಾಡುವವರು ಮಾತ್ರ ಎಚ್ಚರ: ಅವರ ಬೇಸಿಗೆ ಸಾಮಾನ್ಯವಾಗಿ ರಜೆ ಅಂತ ಲೆಕ್ಕವಿಲ್ಲ, ಪ್ರಬಂಧದ ಅವಧಿ, ವಾರಕ್ಕೆ 20 ಗಂಟೆಯ ಮಿತಿ ಹಾಗೇ ಇರುತ್ತದೆ. ಕೆಲಸದ ಕಾಗದ ಬಂದಾಗ ದಿನದ ಕೆಲಸ ಮುಗಿದು ಮರುದಿನ ಶುರುವಾಗುವ ನಡುವೆ 11 ಗಂಟೆ ಬಿಡುವು ಇದೆಯಾ ನೋಡಿ. ಮಕ್ಕಳ ಜೊತೆ ಕೆಲಸವಾದ್ದರಿಂದ ಡಿಬಿಎಸ್ ಪರಿಶೀಲನೆ (ನಿಮ್ಮ ಮೇಲೆ ಅಪರಾಧದ ದಾಖಲೆ ಇದೆಯಾ ಅಂತ ನೋಡುವುದು) ಆಗುತ್ತದೆ, ಹೊಸದಾಗಿ ಬಂದವರ ಬಳಿ ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಅದನ್ನು ಇಲ್ಲಿಂದ ತರಿಸಿಕೊಳ್ಳಲು ಹೊರಟರೆ ಜುಲೈ ತಿಂಗಳ ಕೆಲಸ ಕೈತಪ್ಪಬಹುದು. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಈ ವಾರವೇ ಅರ್ಜಿ ಹಾಕಿ, ಕಾಗದ ಕೈಯಲ್ಲಿ ಹಿಡಿದುಕೊಂಡೇ ವಿಮಾನ ಹತ್ತಿ.